ಆಫರ್ ಲೆಟರ್ ಓದಿಸೋಕೆ ದಾವಣಗೆರೆಯಲ್ಲಿ ಎಲ್ಲಿಗೆ ಹೋಗಬೇಕು: ವಕೀಲರ ಕಚೇರಿ, ಆ್ಯಪ್, ಉಚಿತ ಕಾನೂನು ನೆರವು

ಬಿಐಇಟಿ, ಯುಬಿಡಿಟಿ, ಚಿತ್ರದುರ್ಗದ ಎಸ್‌ಜೆಎಂಐಟಿ ಕಾಲೇಜುಗಳಲ್ಲಿ ಕ್ಯಾಂಪಸ್ ಸಂದರ್ಶನ ಮುಗಿದ ಮೇಲೆ ಆಯ್ಕೆಯಾದವರ ಮೇಲ್‌ಗೆ ಒಂದು ಪಿಡಿಎಫ್ ಬರುತ್ತದೆ. ಸಂಬಳದ ಸಾಲನ್ನು ಮನೆಮಂದಿಯೆಲ್ಲ ಓದುತ್ತಾರೆ. ಉಳಿದ ಪುಟಗಳನ್ನು ಓದಿ, ‘ಇದಕ್ಕೆ ಸೈನ್ ಹಾಕಬಹುದಾ’ ಅಂತ ಹೇಳುವವರು ಬೇಕು. ದಾವಣಗೆರೆಯಲ್ಲಿ ಇದಕ್ಕೆ ಮೂರು ದಾರಿಗಳಿವೆ. ಕೋರ್ಟಿಗೆ ಓಡಾಡುವ ಸಿವಿಲ್ ವಕೀಲರ ಕಚೇರಿ, ದುಡ್ಡು ಕಟ್ಟಿದರೆ ಫೋನಲ್ಲೇ ಸಲಹೆ ಕೊಡುವ ಆ್ಯಪ್‌ಗಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಲಹೆ.

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಫ್ರೆಶರ್ ಆಗಿದ್ದು, ಕರಾರಿನಲ್ಲಿ ಬಾಂಡ್ (ಇಂತಿಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ದುಡ್ಡು ಕಟ್ಟಬೇಕು ಅನ್ನುವ ಷರತ್ತು) ಇದ್ದರೆ ಊರಿನ ಸಿವಿಲ್ ವಕೀಲರೇ ವಾಸಿ. ಐದಾರು ವರ್ಷ ಅನುಭವ ಆಗಿ, ಶೇರು, ಜಾಯಿನಿಂಗ್ ಬೋನಸ್, ಪೇಟೆಂಟ್ ಎಲ್ಲ ಸೇರಿಕೊಂಡ ಕರಾರಾದರೆ ಬೆಂಗಳೂರಲ್ಲಿ ಉದ್ಯೋಗ ಕರಾರುಗಳನ್ನೇ ನೋಡುವ ವಕೀಲರಿಗೆ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ. ಇಬ್ಬರ ನಡುವೆ ಕೂತಿರುವ ಆ್ಯಪ್ ಸೇವೆ ಇಬ್ಬರಿಗೂ ಅಷ್ಟಕ್ಕಷ್ಟೇ.

ವಕೀಲರ ಹೆಸರು, ವಿಳಾಸ ಇಲ್ಲಿಲ್ಲ. ಬಾರ್ ಕೌನ್ಸಿಲ್‌ನ 36ನೇ ನಿಯಮದ ಪ್ರಕಾರ ವಕೀಲರು ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಜಾಹೀರಾತು ಕೊಡುವಂತಿಲ್ಲ. ಹೊಗಳಿ ಹೆಸರು ಹಾಕಿದರೆ ಮುಜುಗರ ಅವರಿಗೇ. ಹೆಸರು ಬಿಡಿ, ಕಾಗದವನ್ನು ಯಾವ ಕ್ರಮದಲ್ಲಿ ಓದುತ್ತಾರೆ ಅನ್ನೋದರ ಮೇಲೆ ಒಳ್ಳೆಯವರನ್ನು ಗುರುತಿಸಬಹುದು.

ಒಯ್ಯಬೇಕಾದ ಕಾಗದ

ಸೇವೆ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಎರಡು ಪುಟದ ಆಫರ್ ಲೆಟರ್ ಮಾತ್ರ ಹಿಡಿದು ಹೋದರೆ ಎಂಥ ವಕೀಲರೂ ‘ಎಲ್ಲಾ ಸರಿ ಐತಿ’ ಅಂತಲೇ ಹೇಳಬೇಕು, ಯಾಕೆಂದರೆ ಅದರಲ್ಲಿ ಏನೂ ಇರುವುದಿಲ್ಲ. ಬೇಕಾದದ್ದು ಪೂರ್ತಿ ಕಟ್ಟು: ಆಫರ್ ಲೆಟರ್, ನೇಮಕಾತಿ ಪತ್ರದ ಕರಡು, ಸರ್ವಿಸ್ ಅಗ್ರಿಮೆಂಟ್ ಅಥವಾ ಟ್ರೈನಿಂಗ್ ಅಗ್ರಿಮೆಂಟ್ (ಬಾಂಡ್ ಅಂತ ಕರೆಯೋದು ಇದನ್ನೇ), ಗೋಪ್ಯತೆ ಮತ್ತು ಬೌದ್ಧಿಕ ಆಸ್ತಿಯ ಕರಾರು, ಜಾಮೀನುದಾರರ ಪತ್ರ. ಇವೆಲ್ಲಕ್ಕಿಂತ ಮುಖ್ಯವಾದದ್ದು, ‘ಕಂಪನಿ ಕಾಲಕಾಲಕ್ಕೆ ಬದಲಿಸುವ ನೀತಿಗಳಿಗೆ ನೌಕರ ಬದ್ಧ’ ಅನ್ನುವ ಸಾಲಿನ ಪಕ್ಕದ ಲಿಂಕ್. ಸೈಡ್ ಬಿಸಿನೆಸ್ ಮಾಡಬಾರದು, ನೋಟಿಸ್ ಅವಧಿಯಲ್ಲಿ ರಜೆ ಇಲ್ಲ, ಲ್ಯಾಪ್‌ಟಾಪ್ ಮೇಲೆ ನಿಗಾ ಇರುತ್ತದೆ ಎಂಬಂಥವು ಇರೋದು ಆ ಲಿಂಕಿನ ಒಳಗೆ. ಲಿಂಕ್ ತೆರೆದು, ಪುಟದ ಮೇಲೆ ದಿನಾಂಕ ಕಾಣುವಂತೆ ಪ್ರಿಂಟ್ ತೆಗೆದುಕೊಳ್ಳಿ. ಮುಂದೆ ನೀತಿ ಬದಲಾದಾಗ, ಸೇರುವ ದಿನ ಏನಿತ್ತು ಅಂತ ತೋರಿಸೋಕೆ ಬೇರೆ ಆಧಾರ ಇರುವುದಿಲ್ಲ. ಸೇರಿದ ಮೇಲಷ್ಟೇ ಲಿಂಕ್ ತೆರೆಯುತ್ತದೆ ಅಂದರೆ ಎಚ್‌ಆರ್‌ಗೆ ಮೇಲ್ ಹಾಕಿ ಪ್ರತಿ ಕೇಳಿ. ಕೊಡದಿದ್ದರೆ ಆ ಮೇಲ್ ಆದರೂ ಕೈಯಲ್ಲಿರುತ್ತದೆ.

‘ನಾನು ಸೈನ್ ಮಾಡಿಲ್ಲ, ಬರೀ ಒಪ್ಪಿಗೆ ಬಟನ್ ಒತ್ತಿದ್ದು’ ಅನ್ನೋದು ನಿಲ್ಲುವ ಮಾತಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಅನ್ನೋ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ.

ಇನ್ನೊಂದು ಗೊಂದಲ ನೋಟರಿಯದು. ಸೌಹಾರ್ದ ಸಹಕಾರಿಯ ಕೌಂಟರಿನಲ್ಲಿ ಇ-ಸ್ಟ್ಯಾಂಪ್ ತೆಗೆಸಿ, ಪಕ್ಕದಲ್ಲೇ ನೋಟರಿ ಮೊಹರು ಹಾಕಿಸಿಕೊಂಡು ಬಂದವರು ‘ಲಾಯರು ನೋಡಿದಾರೆ’ ಅಂದುಕೊಳ್ಳುತ್ತಾರೆ. ನೋಟರಿ ದೃಢೀಕರಿಸುವುದು ಸಹಿಯನ್ನು, ಒಳಗಿನ ಷರತ್ತನ್ನಲ್ಲ. ಹಾಗೆಯೇ ‘ಸ್ಟ್ಯಾಂಪ್ ಕಡಿಮೆ ಇದೆ, ಬಾಂಡ್ ನಿಲ್ಲಲ್ಲ’ ಅನ್ನೋ ಧೈರ್ಯವೂ ಪೊಳ್ಳು. ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಕೊರತೆ ಶುಲ್ಕ ಮತ್ತು ದಂಡ ಕಟ್ಟಿದರೆ ಅದೇ ಕಾಗದವನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು.

ಊರಿನ ವಕೀಲರು: ಬಲ ಎಲ್ಲಿದೆ

ನಮ್ಮ ಕಡೆ ಸಿವಿಲ್ ವಕೀಲರ ದಿನನಿತ್ಯದ ಕೆಲಸ ಅಂದರೆ ಜಮೀನು ಭಾಗ, ಕೈಸಾಲ, ಚೆಕ್ ಬೌನ್ಸ್, ಬ್ಯಾಂಕ್ ಜಾಮೀನು. ‘ಇವರಿಗೇನು ಗೊತ್ತು ಸಾಫ್ಟ್‌ವೇರ್ ಕಂಪನಿ ವಿಷಯ’ ಅಂತ ಹುಡುಗರು ಮೂಗು ಮುರಿಯುತ್ತಾರೆ. ಆದರೆ ಫ್ರೆಶರ್ ಕರಾರಿನಲ್ಲಿ ನಿಜವಾಗಿ ಕುತ್ತಿಗೆಗೆ ಬರುವುದು ಸಾಫ್ಟ್‌ವೇರ್ ಅಲ್ಲ. ಚೆಕ್ಕು, ಜಾಮೀನು, ಮೂಲ ಅಂಕಪಟ್ಟಿ. ಈ ಮೂರರಲ್ಲಿ ಊರಿನ ವಕೀಲರ ಕಣ್ಣು ತಪ್ಪಿಸುವುದು ಕಷ್ಟ.

ಮೊದಲು ಚೆಕ್ಕು. ಕೆಲವು ಸಣ್ಣ ಕಂಪನಿಗಳು, ಅದಕ್ಕಿಂತ ಹೆಚ್ಚಾಗಿ ‘ಟ್ರೈನಿಂಗ್ ಕೊಟ್ಟು ಪ್ಲೇಸ್‌ಮೆಂಟ್ ಮಾಡಿಸುತ್ತೇವೆ’ ಅನ್ನುವ ಮಧ್ಯವರ್ತಿಗಳು, ಬಾಂಡ್ ಜತೆಗೆ ಸಹಿ ಹಾಕಿದ ಖಾಲಿ ಚೆಕ್ ಕೇಳುತ್ತಾರೆ. ಬರೀ ಬಾಂಡ್ ಮುರಿದರೆ ಅದು ಸಿವಿಲ್ ವಿಚಾರ: ಕಂಪನಿ ದಾವೆ ಹೂಡಬೇಕು, ನಷ್ಟ ಹೇಳಬೇಕು, ವರ್ಷಗಟ್ಟಲೆ ಕಾಯಬೇಕು. ಚೆಕ್ ಕೊಟ್ಟ ಕ್ಷಣ ಆಟವೇ ಬದಲಾಗುತ್ತದೆ. ಬ್ಯಾಂಕಿನಿಂದ ಚೆಕ್ ವಾಪಸ್ ಬಂದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿ 15 ದಿನದಲ್ಲಿ ದುಡ್ಡು ಕಟ್ಟದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಎದುರು ದೂರು. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನಡಿ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ‘ಖಾಲಿ ಚೆಕ್ ಕೊಟ್ಟಿದ್ದೆ, ಮೊತ್ತ ಅವರೇ ತುಂಬಿಕೊಂಡರು’ ಅಂದರೆ ಸಾಲದು. ಸಹಿ ಮಾಡಿದ ಖಾಲಿ ಚೆಕ್ಕಿಗೂ ಕಾನೂನಿನ ಪೂರ್ವಭಾವನೆ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸಾಲ ಇರಲೇ ಇಲ್ಲ ಅಂತ ತೋರಿಸುವ ಹೊಣೆ ಸಹಿ ಹಾಕಿದವರ ತಲೆಗೆ. ಚೆಕ್ ವಿಷಯ ಬಂದ ಕೂಡಲೇ ಕಡತ ಮುಚ್ಚಿ ‘ಇದು ಬೇಡಪ್ಪ’ ಅನ್ನುವ ವಕೀಲರು ಸಿಕ್ಕರೆ ಸರಿಯಾದ ಕಡೆ ಬಂದಿದ್ದೀರಿ.

ಎರಡನೆಯದು ಜಾಮೀನು. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ರೈತ ಅಪ್ಪನಿಂದ ಸಹಿ ಹಾಕಿಸಿಕೊಳ್ಳುವಾಗ ‘ಇದು ಬರೀ ಫಾರ್ಮ್ಯಾಲಿಟಿ’ ಅನ್ನುತ್ತಾರೆ. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಜಾಮೀನುದಾರನ ಹೊಣೆ ಮೂಲ ವ್ಯಕ್ತಿಯ ಹೊಣೆಯಷ್ಟೇ ದೊಡ್ಡದು. ಮಗನನ್ನು ಬಿಟ್ಟು ನೇರ ಅಪ್ಪನ ಮೇಲೆ ದಾವೆ ಹಾಕಲೂ ಅಡ್ಡಿಯಿಲ್ಲ. ಇದನ್ನು ಅಪ್ಪನಿಗೆ ಅವರ ಮಾತಿನಲ್ಲೇ, ‘ಯಜಮಾನ್ರೇ, ಸೊಸೈಟಿ ಸಾಲಕ್ಕೆ ಸೈನ್ ಹಾಕಿದಂಗೇ ಇದು’ ಅಂತ ಹೇಳೋರು ಬೇಕು. ಆ್ಯಪ್‌ನ ಇಂಗ್ಲಿಷ್ ವರದಿಯಿಂದ ಈ ಕೆಲಸ ಆಗಲ್ಲ. ಜಾಮೀನು ತಪ್ಪಿಸೋಕೆ ಆಗದಿದ್ದರೆ ಮೊತ್ತಕ್ಕೆ ಮಿತಿ, ಅವಧಿಗೆ ಮಿತಿ ಎರಡನ್ನೂ ಕೈಬರಹದಲ್ಲಾದರೂ ಸೇರಿಸಿ ಎರಡೂ ಕಡೆಯವರು ಪಕ್ಕದಲ್ಲಿ ಸಹಿ ಹಾಕಬೇಕು.

ಮೂಲ ಅಂಕಪಟ್ಟಿ ವಿಷಯ ಚಿಕ್ಕದು. ತೋರಿಸಿ, ಪರಿಶೀಲಿಸಿಕೊಳ್ಳಲಿ, ವಾಪಸ್ ಪಡೆಯಿರಿ. ಇಟ್ಟುಕೊಳ್ಳಲೇಬೇಕು ಅಂದರೆ ಯಾವ ಸೆಮಿಸ್ಟರಿನದು, ನೋಂದಣಿ ಸಂಖ್ಯೆ ಏನು, ಯಾವಾಗ ಕೊಡುತ್ತಾರೆ ಅಂತ ಲೆಟರ್‌ಹೆಡ್ ಮೇಲೆ ಸ್ವೀಕೃತಿ ಬೇಕು. ಸ್ವೀಕೃತಿ ಕೊಡಲು ಹಿಂದೆಮುಂದೆ ನೋಡುವ ಕಂಪನಿಗೆ ಸೇರದಿರುವುದೇ ಮೇಲು.

ಬಾಂಡ್ ಬಗ್ಗೆ ಸಿಗುವ ಎರಡು ತಪ್ಪು ಉತ್ತರ

ಇಲ್ಲಿ ವಕೀಲರ ಗುಣಮಟ್ಟ ಒಂದೇ ಪ್ರಶ್ನೆಯಲ್ಲಿ ತಿಳಿಯುತ್ತದೆ. ‘ಬಾಂಡ್ ಮುರಿದರೆ ಏನಾಗುತ್ತೆ ಸರ್?’ ಅಂತ ಕೇಳಿ. ‘ಏನೂ ಆಗಲ್ಲ, ಇವೆಲ್ಲಾ ಕೋರ್ಟಲ್ಲಿ ನಿಲ್ಲಲ್ಲ’ ಅಂದರೂ ತಪ್ಪು, ‘ಜೈಲಿಗೆ ಹೋಗ್ತೀಯ’ ಅಂದರೂ ತಪ್ಪು.

ಮೊದಲ ಉತ್ತರ ಹಳೆಯದು. ಕರಾರು ಕಾಯ್ದೆ 1872ರ 27ನೇ ಕಲಂ, ವೃತ್ತಿ ಮಾಡದಂತೆ ತಡೆಯುವ ಕರಾರನ್ನು ಅಸಿಂಧು ಅನ್ನುತ್ತದೆ. ಇದನ್ನೇ ಬಾಂಡಿಗೂ ಅಂಟಿಸಿ ಎಲ್ಲ ಮುಗಿಯಿತು ಅನ್ನುವವರಿದ್ದಾರೆ. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಅನ್ನೋ ಷರತ್ತನ್ನು ಎತ್ತಿಹಿಡಿಯಿತು. ಅದಕ್ಕೂ ಮುಂಚೆ ನಮ್ಮ ಹೈಕೋರ್ಟ್ ನೌಕರನ ಪರವಾಗಿ ತೀರ್ಪು ಕೊಟ್ಟಿತ್ತು, ಅದು ರದ್ದಾಯಿತು. ಕೆಲಸದಲ್ಲಿರುವ ಅವಧಿಗೆ ಹಾಕುವ ಷರತ್ತು ಬೇರೆ, ಬಿಟ್ಟುಹೋದ ಮೇಲೂ ಬೇರೆ ಕಡೆ ದುಡಿಯಬೇಡ ಅನ್ನೋದು ಬೇರೆ ಅನ್ನುವ ಗೆರೆಯನ್ನು ಕೋರ್ಟ್ ಮತ್ತೆ ಎಳೆಯಿತು. ಈ ಗೆರೆ ಹೊಸದೇನಲ್ಲ. ಕೆಲಸದಲ್ಲಿರುವಾಗಿನ ಷರತ್ತು ನಿಲ್ಲುತ್ತದೆ ಅಂದದ್ದು 1967ರ ಗೋಲಿಕರಿ ಪ್ರಕರಣ, ಬಿಟ್ಟ ಮೇಲಿನದು ನಿಲ್ಲಲ್ಲ ಅಂದದ್ದು 1980ರ ಕೃಷನ್ ಮುರ್ಗೈ ಪ್ರಕರಣ.

ಹಾಗಂತ ಬಾಂಡಿನಲ್ಲಿ ಬರೆದ ಅಷ್ಟೂ ಮೊತ್ತ ಕೊಡಲೇಬೇಕು ಅಂತಲೂ ಅಲ್ಲ. ಅದೇ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ. ಕೋರ್ಟ್ ಕೊಡಿಸುವುದು ಅದರೊಳಗಿನ ಸಮಂಜಸ ಪರಿಹಾರ. ವಿಜಯಾ ಬ್ಯಾಂಕ್ ತೀರ್ಪಿಗೆ ಆಧಾರವಾಗಿದ್ದು ಸಾರ್ವಜನಿಕ ವಲಯದ ಬ್ಯಾಂಕ್ ಜಾಹೀರಾತು ಕೊಟ್ಟು, ಮುಕ್ತ ಸ್ಪರ್ಧೆ ನಡೆಸಿ ಮತ್ತೆ ನೇಮಕ ಮಾಡಬೇಕಾದ ಖರ್ಚು. ಎರಡು ವಾರ ಯೂಟ್ಯೂಬ್ ನೋಡಿಸಿ ಐದು ಲಕ್ಷದ ಟ್ರೈನಿಂಗ್ ಅನ್ನುವ ಕಂಪನಿಗೆ ಅದೇ ವಾದ ಅಷ್ಟು ಸಲೀಸಾಗಿ ಒದಗುವುದಿಲ್ಲ. ಆದ್ದರಿಂದ ಒಳ್ಳೆಯ ವಕೀಲರು ಕೇಳುವ ಮರುಪ್ರಶ್ನೆ ‘ಟ್ರೈನಿಂಗ್ ಎಷ್ಟು ದಿನ, ಎಲ್ಲಿ, ಯಾರು ಕೊಡ್ತಾರೆ, ಸರ್ಟಿಫಿಕೇಟ್ ಐತಾ?’ ಈ ಉತ್ತರಗಳ ದಾಖಲೆ ಮೊದಲ ದಿನದಿಂದ ಇಟ್ಟುಕೊಂಡವರಿಗೆ ಮುಂದೆ ಮಾತಾಡೋಕೆ ನೆಲೆ ಇರುತ್ತದೆ. ವಾಪಸ್ ಬಂದು ಕೆಲಸ ಮಾಡು ಅಂತ ಯಾವ ಕೋರ್ಟೂ ಆದೇಶ ಮಾಡಲ್ಲ ಅನ್ನೋದನ್ನೂ ಅವರು ಸೇರಿಸುತ್ತಾರೆ. ವೈಯಕ್ತಿಕ ಸೇವೆಯ ಕರಾರನ್ನು ಬಲವಂತದಿಂದ ಜಾರಿ ಮಾಡಿಸುವಂತಿಲ್ಲ.

ನೋಟಿಸಿನಲ್ಲಿ ಬರುವ ಅಂಕಿ ನೋಡಿ ನಿದ್ದೆಗೆಡುವವರಿಗೆ ಒಂದು ಉದಾಹರಣೆ. ವಿಪ್ರೋ ತನ್ನ ಮಾಜಿ ಹಣಕಾಸು ಮುಖ್ಯಸ್ಥ ಜತಿನ್ ದಲಾಲ್ ಅವರ ಮೇಲೆ 2023ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿ ಕೇಳಿದ್ದು 25.15 ಕೋಟಿ ಮತ್ತು ಬಡ್ಡಿ. 2024ರಲ್ಲಿ ರಾಜಿಯಾದಾಗ ಅವರು ಸೇರಿದ್ದ ಕಾಗ್ನಿಜೆಂಟ್ ಕೊಟ್ಟದ್ದು ಸುಮಾರು 5 ಲಕ್ಷ ಡಾಲರ್, ಅಂದರೆ ನಾಲ್ಕು ಕೋಟಿ ಚಿಲ್ಲರೆ. ಅಷ್ಟು ಮೇಲಿನ ಹುದ್ದೆಯವರ ವ್ಯವಹಾರ ಫ್ರೆಶರ್‌ಗೆ ನೇರ ಹೋಲುವುದಿಲ್ಲ ನಿಜ. ಕೇಳುವ ಮೊತ್ತಕ್ಕೂ ಕೊನೆಗೆ ಇತ್ಯರ್ಥವಾಗುವ ಮೊತ್ತಕ್ಕೂ ಎಷ್ಟು ಅಂತರ ಇರಬಹುದು ಅನ್ನೋದಕ್ಕೆ ಮಾತ್ರ ಇದು ಲೆಕ್ಕ.

ಊರಿನ ವಕೀಲರು: ಕೊರತೆ ಎಲ್ಲಿದೆ

ನಾಲ್ಕು ಕಡೆ ಅವರ ಕಣ್ಣು ಜಾರುತ್ತದೆ, ಅಲ್ಲಿ ನೀವೇ ಬೆರಳಿಟ್ಟು ತೋರಿಸಬೇಕು.

ಬೌದ್ಧಿಕ ಆಸ್ತಿಯ ಕಲಂ ಮೊದಲನೆಯದು. ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಕೆಲಸದ ಭಾಗವಾಗಿ ಬರೆದ ಕೋಡ್, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದೇ. ಅದು ಸರಿ. ಆದರೆ ಹಲವು ಕರಾರುಗಳು ‘ಉದ್ಯೋಗದ ಅವಧಿಯಲ್ಲಿ’ ಮಾಡಿದ ಎಲ್ಲವೂ ಅಂತ ಬರೆದು ರಾತ್ರಿ ಮನೆಯಲ್ಲಿ ಸ್ವಂತ ಲ್ಯಾಪ್‌ಟಾಪಿನಲ್ಲಿ ಮಾಡಿದ್ದನ್ನೂ ಒಳಗೆ ಎಳೆದುಕೊಳ್ಳುತ್ತವೆ. ಕೊನೆಯಲ್ಲಿ ‘ಪೂರ್ವ ಆವಿಷ್ಕಾರಗಳು’ ಅಂತ ಒಂದು ಖಾಲಿ ಅನುಬಂಧ ಇರುತ್ತದೆ. ಬಹಳಷ್ಟು ಜನ ಅಲ್ಲಿ ‘ಇಲ್ಲ’ ಅಂತ ಬರೆಯುತ್ತಾರೆ. ಕಾಲೇಜಿನ ಪ್ರಾಜೆಕ್ಟ್, ಗಿಟ್‌ಹಬ್‌ನಲ್ಲಿರುವ ಕೋಡ್, ಅಣ್ಣನ ಅಂಗಡಿಗೆ ಮಾಡಿಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲವನ್ನೂ ಹೆಸರು, ದಿನಾಂಕ ಸಮೇತ ಅಲ್ಲಿ ತುಂಬಿ. ಫ್ರೆಶರ್ ಬರೆದು ಸೇರಿಸಿದರೂ ಕಂಪನಿ ಸಾಮಾನ್ಯವಾಗಿ ತಕರಾರು ಮಾಡದ ಜಾಗ ಇದೊಂದೇ.

ಎರಡು, ಜಾಯಿನಿಂಗ್ ಬೋನಸ್ ವಾಪಸಾತಿ. ಶೇ 30ರ ತೆರಿಗೆ ಹಂತದವರಿಗೆ 1 ಲಕ್ಷದ ಬೋನಸ್‌ನಲ್ಲಿ ತೆರಿಗೆ ಮತ್ತು ಶೇ 4ರ ಸೆಸ್ ಸೇರಿ 31,200 ಕಡಿತವಾಗಿ ಕೈಗೆ 68,800 ಬರುತ್ತದೆ. ವರ್ಷದೊಳಗೆ ಬಿಟ್ಟರೆ ಕಂಪನಿ ಕೇಳುವುದು ಪೂರ್ತಿ 1 ಲಕ್ಷ. ಅದೇ ಆರ್ಥಿಕ ವರ್ಷದೊಳಗೆ ಆದರೆ ಸಂಬಳದ ಟಿಡಿಎಸ್‌ನಲ್ಲಿ ಹೊಂದಿಸಬಹುದು, ಮಾರ್ಚ್ 31 ದಾಟಿದರೆ ತಲೆನೋವು. ‘ತೆರಿಗೆ ಕಳೆದು ಬಂದ ಮೊತ್ತ’ ಅಂತ ಕಲಂನಲ್ಲಿ ಸೇರಿಸಿ ಅಂತ ಕೇಳಿ. ಅನುಭವಸ್ಥರಿಗೆ ಕೆಲವೊಮ್ಮೆ ಒಪ್ಪುತ್ತಾರೆ, ಫ್ರೆಶರ್‌ಗಳಿಗೆ ಕಷ್ಟ.

ಮೂರು, ದಾವೆ ಎಲ್ಲಿ ಅನ್ನೋ ಸಾಲು. ‘ಮುಂಬೈ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ’ ಅನ್ನುವುದನ್ನು ಊರಿನ ವಕೀಲರು ‘ನಾವು ದಾವಣಗೆರೆಯಲ್ಲೇ ಹಾಕ್ತೀವಿ ಬಿಡಿ’ ಅಂತ ಹಗುರಾಗಿ ತೆಗೆದುಕೊಳ್ಳುವುದುಂಟು. ಉದ್ಯೋಗ ಕರಾರಿನಲ್ಲೂ ಇಂಥ ಷರತ್ತು ಸಿಂಧು ಅಂತ 2025ರ ಏಪ್ರಿಲ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿದೆ. ಬೆಂಗಳೂರಾದರೆ ಬೆಳಗಿನ ರೈಲು ಹಿಡಿದು ಹೋಗಿ ರಾತ್ರಿ ಊರಿಗೆ ಬರಬಹುದು. ಮುಂಬೈ, ಗುರುಗ್ರಾಮ ಅಂದರೆ ಹಕ್ಕು ಕಾಗದದ ಮೇಲಷ್ಟೇ. ಕೋರ್ಟಿನ ಬದಲು ಪಂಚಾಯ್ತಿದಾರರಿಂದ (ಆರ್ಬಿಟ್ರೇಟರ್) ಇತ್ಯರ್ಥ ಅಂತ ಇದ್ದರೆ, ಆ ಪಂಚಾಯ್ತಿದಾರರನ್ನು ಕಂಪನಿಯ ಎಂ.ಡಿ. ಒಬ್ಬರೇ ನೇಮಿಸುತ್ತಾರೆ ಅಂತ ಬರೆದಿದೆಯೇ ನೋಡಿ. ಪ್ರಕರಣದಲ್ಲಿ ಹಿತಾಸಕ್ತಿ ಇರುವವರು ಏಕೈಕ ಪಂಚಾಯ್ತಿದಾರರನ್ನು ಏಕಪಕ್ಷೀಯವಾಗಿ ನೇಮಿಸುವಂತಿಲ್ಲ ಅಂತ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಿಂದಲೇ ಇದೆ.

ನಾಲ್ಕನೆಯದು ನೋಟಿಸ್ ಅವಧಿ. 90 ದಿನ ಅನ್ನೋದು ಎಲ್ಲರಿಗೂ ಕಾಣುತ್ತದೆ. ‘ದುಡ್ಡು ಕಟ್ಟಿ ಬೇಗ ಬಿಡುವ ಅವಕಾಶ ಕಂಪನಿಯ ವಿವೇಚನೆಗೆ ಬಿಟ್ಟದ್ದು’ ಅನ್ನುವ ಅರ್ಧ ಸಾಲು ಕಾಣುವುದಿಲ್ಲ. ಹೊಸ ಕಂಪನಿ 30 ದಿನದಲ್ಲಿ ಸೇರು ಅಂದಾಗ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಆ್ಯಪ್‌ಗಳು

ಅನುಕೂಲ ಇರುವುದು ಸತ್ಯ. ರಾತ್ರಿ ಹತ್ತಕ್ಕೆ ಪಿಡಿಎಫ್ ಹಾಕಿದರೆ ಬೆಳಿಗ್ಗೆ ಬಣ್ಣಬಣ್ಣದ ವರದಿ ಬರುತ್ತದೆ. ಅಪಾಯದ ಕಲಂ ಕೆಂಪು, ಸಾಧಾರಣದ್ದು ಹಳದಿ. ತೊಂದರೆ ಏನೆಂದರೆ ಆ ಕೆಂಪು ಹೆಚ್ಚಾಗಿ ಬೀಳುವುದು ‘ಕೆಲಸ ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು’ ಅನ್ನುವ ಕಲಂ ಮೇಲೆ. ಭಾರತದಲ್ಲಿ ಅತಿ ದುರ್ಬಲ ಕಲಂ ಅದೇ. ಜಾಮೀನು ಪತ್ರ ಬೇರೆ ಫೈಲ್ ಆದ್ದರಿಂದ ಅದನ್ನು ಹಾಕಿರುವುದೇ ಇಲ್ಲ; ಅದರ ಬಗ್ಗೆ ವರದಿಯಲ್ಲಿ ಒಂದಕ್ಷರ ಇರುವುದಿಲ್ಲ. ವರದಿಗೆ ಸಹಿ ಹಾಕಿದ ವಕೀಲರ ಹೆಸರು, ನೋಂದಣಿ ಸಂಖ್ಯೆ ಇದೆಯೇ ಅಂತ ಮೊದಲು ನೋಡಿ. ಇಲ್ಲದಿದ್ದರೆ ತಪ್ಪಾದಾಗ ಹಿಡಿಯೋಕೆ ಯಾರೂ ಇಲ್ಲ. ವಕೀಲರನ್ನು ಸರಕಿನಂತೆ ಪಟ್ಟಿ ಮಾಡುವ ಜಾಲತಾಣಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಬಾರ್ ಕೌನ್ಸಿಲ್‌ಗೆ ಹೇಳಿದ್ದೂ ನೆನಪಿರಲಿ.

ಕರಾರು ಪತ್ರವನ್ನು ಚಾಟ್‌ಬಾಟ್‌ಗೆ ಹಾಕಿ ಕೇಳುವುದು ಈಗಿನ ರೂಢಿ. ಅರ್ಥವಾಗದ ಇಂಗ್ಲಿಷ್ ಬಿಡಿಸಿಕೊಳ್ಳೋಕೆ ಪರವಾಗಿಲ್ಲ. ತೀರ್ಮಾನಕ್ಕೆ ಬೇಡ. ಕ್ಯಾಲಿಫೋರ್ನಿಯಾದ ಕಾನೂನನ್ನು ನಮ್ಮದೆಂಬಂತೆ ಹೇಳಿಬಿಡುವ ಚಾಳಿ ಅವಕ್ಕಿದೆ. ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2024ರ ಏಪ್ರಿಲ್‌ನಲ್ಲಿ ‘ಪ್ರತಿಸ್ಪರ್ಧಿ ಕಂಪನಿ ಸೇರಬಾರದು’ ಅನ್ನುವ ಕಲಂಗಳನ್ನು ನಿಷೇಧಿಸಿತು ಅನ್ನೋದನ್ನು ಇಲ್ಲಿ ಹಿಡಿದು ವಾದಿಸುವವರಿದ್ದಾರೆ. ಆ ನಿಯಮವನ್ನು ಅದೇ ವರ್ಷ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ನ್ಯಾಯಾಲಯ ತಳ್ಳಿಹಾಕಿತು. ಇದ್ದಿದ್ದರೂ ದಾವಣಗೆರೆಯ ಹುಡುಗನಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಹೆಸರು, ಸಂಬಳ, ಕ್ಲೈಂಟ್ ಹೆಸರು ಅಳಿಸದೆ ಯಾವ ಜಾಲತಾಣಕ್ಕೂ ಹಾಕಬೇಡಿ. ಗೋಪ್ಯತಾ ಕರಾರನ್ನು ಓದಿಸಲು ಹೋಗಿ ಅದನ್ನೇ ಮುರಿದಂತಾದೀತು.

ಉಚಿತ ಕಾನೂನು ನೆರವು

ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ಇದು ಬರೀ ಕೇಸು ನಡೆಸುವವರಿಗೆ ಅಂತ ತಿಳಿದವರೇ ಹೆಚ್ಚು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಕಾನೂನು ಸೇವೆ ಅಂದರೆ ಯಾವುದೇ ಕಾನೂನು ವಿಷಯದ ಬಗ್ಗೆ ಸಲಹೆ ಕೊಡುವುದೂ ಸೇರಿದೆ. 12ನೇ ಕಲಂ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಅರ್ಹರು. ಕೆಲಸ ಸಿಕ್ಕ ಹೆಣ್ಣುಮಕ್ಕಳು ಒಂದು ರೂಪಾಯಿ ಇಲ್ಲದೆ ಕಾಗದ ಓದಿಸಬಹುದು ಅಂತಾಯಿತು. ಕರೆ ಮಾಡುವುದಾದರೆ 15100.

ಇಲ್ಲಿ ಸಿಗುವ ವಕೀಲರು ಪಾಳಿಯಲ್ಲಿ ಕೂರುವ ಪ್ಯಾನೆಲ್ ವಕೀಲರು. ಜೀವನಾಂಶ, ಅಪಘಾತ ಪರಿಹಾರ ಹೆಚ್ಚು ನೋಡುವವರು ಎದುರಾಗುವ ಸಾಧ್ಯತೆಯೇ ಜಾಸ್ತಿ. ಅರ್ಧ ದಿನ ಕೈಯಲ್ಲಿಟ್ಟುಕೊಂಡು ಹೋಗಿ, ‘ಕರಾರು ಪರಿಶೀಲನೆ, ಜಾಮೀನು ಪತ್ರ ಸೇರಿ’ ಅಂತ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಚೆಕ್, ಜಾಮೀನು ವಿಷಯಕ್ಕೆ ಈ ಸೇವೆ ಧಾರಾಳ ಸಾಕು. ಶೇರು ಹಂಚಿಕೆ, ಪೇಟೆಂಟ್ ವಿಷಯಕ್ಕೆ ಅಲ್ಲ.

ಬಿಡುವಾಗಲೂ ಒಮ್ಮೆ ಓದಿಸಿ

ಸೇರುವಾಗ ಓದಿಸುವವರು ಹತ್ತಿದ್ದರೆ ಬಿಡುವಾಗ ಓದಿಸುವವರು ಒಬ್ಬರೂ ಇರಲ್ಲ. ದೊಡ್ಡ ಮೊಕದ್ದಮೆಗಳು ಹುಟ್ಟುವುದು ಆ ಕೊನೆಯ ವಾರಗಳಲ್ಲಿ. ಗೂಗಲ್ ಬಳಗದ ವೇಮೋ ಕಂಪನಿ ಉಬರ್ ಮೇಲೆ ಹೂಡಿದ ದಾವೆಯ ಬೇರು, ಮುಂದೆ ಉಬರ್ ಸೇರಿದ ಎಂಜಿನಿಯರ್ ಆಂಥನಿ ಲೆವಾಂಡೋವ್‌ಸ್ಕಿ ಗೂಗಲ್ ಕೆಲಸ ಬಿಡುವ ಮುಂಚೆ ಇಳಿಸಿಕೊಂಡರು ಎನ್ನಲಾದ 14,000 ಫೈಲುಗಳು. 2018ರಲ್ಲಿ ಉಬರ್ ಶೇರು ಕೊಟ್ಟು ರಾಜಿಯಾಯಿತು. ಲೆವಾಂಡೋವ್‌ಸ್ಕಿಗೆ 2020ರಲ್ಲಿ 18 ತಿಂಗಳ ಶಿಕ್ಷೆಯಾಗಿ, 2021ರ ಜನವರಿಯಲ್ಲಿ ಕ್ಷಮಾದಾನ ಸಿಕ್ಕಿತು. ಆಸ್ಪತ್ರೆ ಸಾಫ್ಟ್‌ವೇರ್ ಮಾಡುವ ಎಪಿಕ್ ಸಿಸ್ಟಮ್ಸ್ ಟಿಸಿಎಸ್ ಮೇಲೆ ಹೂಡಿದ ಮೊಕದ್ದಮೆ ಕೆಲಸ ಬಿಡುವಾಗಿನದಲ್ಲ, ಆದರೆ ಅದೂ ಎಪಿಕ್‌ನ ಜಾಲತಾಣದಿಂದ ದಾಖಲೆ ಇಳಿಸಿಕೊಂಡ ಆರೋಪದ್ದೇ. 2016ರಲ್ಲಿ ಜ್ಯೂರಿ ಹಾಕಿದ್ದು 94 ಕೋಟಿ ಡಾಲರ್. ಇಳಿಯುತ್ತಾ ಬಂದು ಪರಿಹಾರ 14 ಕೋಟಿ, ದಂಡ 14 ಕೋಟಿಗೆ ನಿಂತಿತು. 2023ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ಒಪ್ಪಲಿಲ್ಲ.

ನಮ್ಮ ಮಟ್ಟದಲ್ಲಿ ಇದರ ಅರ್ಥ ಇಷ್ಟು. ರಾಜೀನಾಮೆ ಕೊಡುವ ಮುಂಚಿನ ವಾರ ಸ್ವಂತ ಜಿಮೇಲ್‌ಗೆ ಫೈಲ್ ಕಳಿಸುವುದು, ಪೆನ್‌ಡ್ರೈವ್ ಚುಚ್ಚುವುದು, ‘ನೆನಪಿಗೆ’ ಅಂತ ಕೋಡ್ ಇಟ್ಟುಕೊಳ್ಳುವುದು ಬೇಡ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವುದಂತೂ ಬೇಡವೇ ಬೇಡ. ಮುಚ್ಚಿಡಲು ಮಾಡಿದ್ದು ಅಂತಲೇ ಆಗುತ್ತದೆ. ಬೇಕಾದದ್ದು ಸಂಬಳದ ಚೀಟಿ, ನೇಮಕಾತಿ ಪತ್ರ, ಮೌಲ್ಯಮಾಪನದ ಪತ್ರಗಳು ಮಾತ್ರ. ಅವನ್ನು ಎಚ್‌ಆರ್ ಪೋರ್ಟಲಿನಿಂದ ಬಹಿರಂಗವಾಗಿಯೇ ತೆಗೆಯಿರಿ. ಹೊಸ ಕಡೆ ಸೇರಿ ಹಳೆಯದನ್ನು ಬಿಡದೆ ಇರುವ ಜಾಣತನ ಒಂದೇ ಯುಎಎನ್‌ನಲ್ಲಿ (ನೌಕರನ ಪಿಎಫ್ ಸಂಖ್ಯೆ) ಎರಡು ಪಿಎಫ್ ಜಮೆ ಕಂಡಾಗ ಬಯಲಾಗುತ್ತದೆ. 2022ರಲ್ಲಿ ವಿಪ್ರೋ 300 ಜನರನ್ನು ಇಂಥ ಕಾರಣಕ್ಕೇ ಮನೆಗೆ ಕಳಿಸಿತು.

ಬಾಕಿ ಲೆಕ್ಕಕ್ಕೆ 45 ದಿನ ಕಾಯಿರಿ ಅಂದರೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ 17ನೇ ಕಲಂ ತೋರಿಸಿ. ರಾಜೀನಾಮೆಯಾದ ಎರಡು ಕೆಲಸದ ದಿನಗಳೊಳಗೆ ವೇತನ ಕೊಡಬೇಕು. ಕಂಪನಿ ಪಿಎಫ್‌ನಲ್ಲಿ ನಿರ್ಗಮನ ದಿನಾಂಕ ಹಾಕದಿದ್ದರೆ ಕೊನೆಯ ಜಮೆಯಾದ ಎರಡು ತಿಂಗಳ ನಂತರ ಪೋರ್ಟಲಿನಲ್ಲಿ ನೀವೇ ಹಾಕಬಹುದು.

ಫೀಸು ಮತ್ತು ಹೊತ್ತು

ಕೋರ್ಟ್ ಇರುವ ದಿನ ಮಧ್ಯಾಹ್ನ ಹೋದರೆ ಕಾರಿಡಾರಿನಲ್ಲಿ ನಿಂತು ಕಣ್ಣಾಡಿಸಿ ಕಳಿಸುತ್ತಾರೆ. ಅದಕ್ಕೆ ದುಡ್ಡು ಕೊಡಬೇಡಿ. ಮುಂಚಿನ ದಿನವೇ ಕಟ್ಟು ಕೊಟ್ಟು, ಸಂಜೆ ಕಚೇರಿಯಲ್ಲಿ ಅರ್ಧ ಗಂಟೆ ಕೇಳಿ. ಇಪ್ಪತ್ತು ಪುಟದ ಕರಾರಿಗೆ ಸಾವಿರದ ಆಸುಪಾಸು ಕೊಡುವುದು ನ್ಯಾಯ ಅನ್ನಿಸುತ್ತದೆ. ಐದು ಸಾವಿರ ಕೇಳಿದರೆ ಅಷ್ಟಕ್ಕೆ ಬೆಂಗಳೂರಿನವರನ್ನೇ ಹಿಡಿಯಬಹುದು. ಬಾಯಿಮಾತಿನ ಸಲಹೆ ಸಾಕಾಗಲ್ಲ. ಒಂದು ಹಾಳೆಯಲ್ಲಿ ಕಲಂ ಸಂಖ್ಯೆ, ಏನು ಅಪಾಯ, ಏನು ಬದಲಿಸಲು ಕೇಳಬೇಕು ಅಂತ ಮೂರು ಕಾಲಂ ಬರೆಸಿಕೊಳ್ಳಿ. ಎಚ್‌ಆರ್‌ಗೆ ಮೇಲ್ ಹಾಕುವಾಗ ಅದೇ ಹಾಳೆ ನೋಡಿ ಬರೆಯಬಹುದು.

ಬಾಂಡ್ ಇಲ್ಲ, ಜಾಮೀನು ಇಲ್ಲ, ಬೋನಸ್ ಇಲ್ಲ, ಸಾವಿರಾರು ಜನರಿಗೆ ಅದೇ ಮುದ್ರಿತ ಕರಾರು ಕೊಡುವ ದೊಡ್ಡ ಕಂಪನಿ ಅಂತಾದರೆ ಈ ಖರ್ಚೇ ಬೇಡ. ಅದರಲ್ಲಿ ಒಂದಕ್ಷರವನ್ನೂ ಅವರು ಬದಲಿಸುವುದಿಲ್ಲ. ಅನುಬಂಧ ತುಂಬಿ, ನೀತಿಗಳ ಪ್ರಿಂಟ್ ತೆಗೆದಿಟ್ಟು ಸಹಿ ಹಾಕಿ.